ಪುಟ್ಟಿಯ ರಿಪೋರ್ಟ್ ನೋಡಿದೆ ಅಕ್ಕ

ಅಕ್ಕ, ನೀನು ಬೆಳಿಗ್ಗೆ ಗ್ರೂಪಿಗೆ ಹಾಕಿದ ಪುಟ್ಟಿಯ ರಿಪೋರ್ಟ್ ನೋಡಿದೆ. 31 ವರ್ಷ, ಆರು ತಿಂಗಳಿಂದ ಮುಟ್ಟಾಗಿಲ್ಲ, ಎಫ್‌ಎಸ್‌ಎಚ್ (ಅಂಡಾಶಯಕ್ಕೆ ಕೆಲಸ ಮಾಡು ಅಂತ ಹೇಳುವ ಹಾರ್ಮೋನ್) ಎರಡು ಸಲವೂ 60ರ ಮೇಲೆ. ಭಾವ ‘ಪಿಸಿಓಡಿ ಇರಬೇಕು’ ಅಂದಿದ್ದಾರೆ, ಅತ್ತಿಗೆ ‘ಟೆನ್ಷನ್ನು’ ಅಂದಿದ್ದಾರೆ. ಪಿಸಿಓಡಿಯಲ್ಲಾಗಲಿ ಟೆನ್ಷನ್‌ನಲ್ಲಾಗಲಿ ಎಫ್‌ಎಸ್‌ಎಚ್ ಇಷ್ಟು ಏರುವುದಿಲ್ಲ. 40 ತುಂಬುವ ಮೊದಲೇ ಅಂಡಾಶಯ ಸೋಲುತ್ತಿದೆ ಅಂತಲೇ ಇದರ ಅರ್ಥ. ನೂರು ಹೆಂಗಸರಲ್ಲಿ ಒಬ್ಬರಿಗಾದರೂ ಹೀಗಾಗುತ್ತದೆ. ಪುಟ್ಟಿ ಏನೂ ತಪ್ಪು ಮಾಡಿಲ್ಲ, ಅವಳಿಗೆ ಮೊದಲು ಅದನ್ನು ಹೇಳು.

ಎಲ್ಲರೂ ಬರೀ ಮಗುವಿನ ಮಾತಾಡುತ್ತಿದ್ದೀರಿ. ಅದಕ್ಕೂ ಮುಂಚೆ ನೋಡಬೇಕಾದದ್ದು ಒಂದಿದೆ. ಹೀಗಾದ ಕೆಲವರಲ್ಲಿ, ರೋಗ ಬರದಂತೆ ಕಾಯಬೇಕಾದ ಶಕ್ತಿಯೇ ಅಂಡಾಶಯದ ಮೇಲೆ ತಿರುಗಿ ಬಿದ್ದಿರುತ್ತದೆ. ಆಟೋಇಮ್ಯೂನ್ ಅಂತಾರಲ್ಲ, ಅದು. ಎಷ್ಟೋ ಸಲ ಅದು ಒಂದೇ ಅಂಗಕ್ಕೆ ನಿಲ್ಲುವುದಿಲ್ಲ. ಥೈರಾಯ್ಡ್ ಜೊತೆಗೂಡುವುದು ಎಲ್ಲಕ್ಕಿಂತ ಜಾಸ್ತಿ. ನಮ್ಮಮ್ಮನಿಗೆ ಥೈರಾಯ್ಡ್, ದೊಡ್ಡಮ್ಮನಿಗೆ ತೊನ್ನು ಇತ್ತಲ್ವಾ? ತೊನ್ನೂ ಇದೇ ಗುಂಪಿನ ಕಾಯಿಲೆ. ಡಾಕ್ಟರ ಹತ್ತಿರ ಮುಚ್ಚಿಡಬೇಡ.

ನನಗೆ ಭಯ ಇರುವುದು ಅಡ್ರಿನಲ್ ಬಗ್ಗೆ. ಮೂತ್ರಪಿಂಡದ ತಲೆ ಮೇಲೆ ಕೂತಿರುವ ಸಣ್ಣ ಗ್ರಂಥಿ. ಹಾರ್ಮೋನ್ ತಯಾರಿಸಲು ಅದರೊಳಗೂ ಅಂಡಾಶಯದೊಳಗೂ ಒಂದೇ ಥರದ ಕಿಣ್ವಗಳು ಕೆಲಸ ಮಾಡುತ್ತವೆ. ಹಾಗಾಗಿ ದಾಳಿ ಎರಡರ ಮೇಲೂ ಆಗಬಹುದು. ಅಡ್ರಿನಲ್ ಸೋತರೆ ಅದು ಅಡಿಸನ್ ಕಾಯಿಲೆ. ಅಪರೂಪ, ಆದರೆ ಗೊತ್ತಾಗದೇ ಹೋದರೆ ಪ್ರಾಣಕ್ಕೇ ಅಪಾಯ. ಕೆಲವರಲ್ಲಿ ಮುಟ್ಟು ನಿಂತು ವರ್ಷಗಳೇ ಆದ ಮೇಲೆ ಇದು ಕಾಣಿಸಿಕೊಳ್ಳುತ್ತದೆ.

ಗೃಹಪ್ರವೇಶದ ದಿನ ‘ಪುಟ್ಟಿ ಬಿಸಿಲಿಗೆ ಕಪ್ಪಾಗಿದ್ದಾಳೆ, ಸೊರಗಿದ್ದಾಳೆ’ ಅಂತ ಎಲ್ಲರೂ ಅಂದಿರಿ. ಅಡಿಸನ್‌ನಲ್ಲೂ ಮೈ ಕಪ್ಪಾಗುತ್ತದೆ, ಅಂಗೈ ಗೆರೆ ಕೂಡ. ಬಿಸಿಲು ಅಂಗೈ ಗೆರೆಯನ್ನು ಕಪ್ಪು ಮಾಡುವುದಿಲ್ಲ ಅಕ್ಕ. ಅವಳನ್ನು ಕಿಟಕಿ ಹತ್ತಿರ ಕೂರಿಸಿ ಅಂಗೈ ಗೆರೆ, ಬೆರಳ ಗೆಣ್ಣು, ಒಸಡು ನೋಡು. ಹುಟ್ಟಿನಿಂದ ಒಸಡು ಕಪ್ಪಗಿರುವವರು ನಮ್ಮಲ್ಲಿ ಬೇಕಾದಷ್ಟು ಜನ, ಈಚೆಗೆ ಹೊಸದಾಗಿ ಆಗಿದೆಯಾ ಅನ್ನುವುದು ಮುಖ್ಯ. ಎದ್ದು ನಿಂತರೆ ಕಣ್ಣು ಕತ್ತಲೆ ಬರುತ್ತಾ, ಉಪ್ಪು, ಉಪ್ಪಿನಕಾಯಿ ಮೇಲೆ ಆಸೆ ಜಾಸ್ತಿಯಾಗಿದೆಯಾ ಅಂತಲೂ ಕೇಳು. ಇದ್ಯಾವುದೂ ಇಲ್ಲದಿದ್ದರೂ ಟೆಸ್ಟ್ ಬಿಡಬೇಡಿ.

ಎಂಡೋಕ್ರೈನ್ (ಹಾರ್ಮೋನ್) ಡಾಕ್ಟರ ಹತ್ತಿರ ಹೋಗಿ ಥೈರಾಯ್ಡ್ ನೋಡಲು ಟಿಎಸ್‌ಎಚ್, ಟಿಪಿಓ ಆಂಟಿಬಾಡಿ, ಅಡ್ರಿನಲ್ ಮೇಲೆ ದಾಳಿ ಇದೆಯಾ ನೋಡಲು 21-ಹೈಡ್ರಾಕ್ಸಿಲೇಸ್ ಆಂಟಿಬಾಡಿ ಕೇಳಿ. ಅನುಮಾನ ಬಂದರೆ ಬೆಳಿಗ್ಗೆ 8ಕ್ಕೆ ಕಾರ್ಟಿಸಾಲ್ (ಅಡ್ರಿನಲ್ ತಯಾರಿಸುವ ಹಾರ್ಮೋನ್) ಕೂಡ ನೋಡುತ್ತಾರೆ. ಕ್ರೋಮೋಸೋಮ್ ಟೆಸ್ಟೂ ಹೇಳಬಹುದು, ಗಾಬರಿ ಬೇಡ. ಅಂಡಾಶಯದ ಆಂಟಿಬಾಡಿ ಅಂತಲೇ ಒಂದು ಟೆಸ್ಟ್ ಇದೆ, ಅದನ್ನು ನಂಬುವ ಹಾಗಿಲ್ಲ, ಸುಮ್ನೆ ದುಡ್ಡು ದಂಡ. ಇನ್ನೊಂದು ಮಾತು. ಥೈರಾಯ್ಡ್ ಕಮ್ಮಿ ಅಂತ ಬಂದರೆ, ಅಡ್ರಿನಲ್ ಸರಿಯಿದೆಯಾ ಅಂತ ಕೇಳಿಕೊಂಡೇ ಮಾತ್ರೆ ಶುರು ಮಾಡಿ. ಅಡ್ರಿನಲ್ ಸೋತಿರುವಾಗ ಬರೀ ಥೈರಾಯ್ಡ್ ಮಾತ್ರೆ ಕೊಟ್ಟರೆ ಸ್ಥಿತಿ ಕೆಡಬಹುದು.

ಹಾರ್ಮೋನ್ ಮಾತ್ರೆ ಬರೆದರೆ ಬೇಡ ಅನ್ನಬೇಡಿ. ಅಡ್ಡಿ ಏನೂ ಇಲ್ಲದಿದ್ದರೆ ಸುಮಾರು 50ರವರೆಗೂ ಅದು ಬೇಕು, ಮೂಳೆಗೂ ಹೃದಯಕ್ಕೂ. ಮಗುವಿನ ಬಾಗಿಲೂ ಪೂರ್ತಿ ಮುಚ್ಚಿಲ್ಲ. ಹೀಗಾದವರಲ್ಲಿ ನೂರಕ್ಕೆ ಐದರಿಂದ ಹತ್ತು ಜನ ತಾವಾಗಿಯೇ ಬಸುರಾಗುತ್ತಾರೆ. ಪುಟ್ಟಿಗೆ ನನ್ನ ನಂಬರ್ ಕೊಡು, ಗ್ರೂಪಲ್ಲಿ ಬೇಡ, ನನ್ನ ಹತ್ತಿರವೇ ಮಾತಾಡಲಿ.