ಮೋಟರ್ ಆಫ್ ಆದಾಗ ಕಂಟ್ರೋಲರ್ ಹ್ಯಾಂಗ್, ಎಮಿಷನ್ ಟೆಸ್ಟೂ ಫೇಲ್. ಲೋಹದ ಡಬ್ಬಿ ಹಾಕಿದರೆ ಸಾಕಾ?

ಪಂಪ್‌ಸೆಟ್_ಮಂಡ್ಯ:
ಎಲ್ಲರಿಗೂ ನಮಸ್ಕಾರ. ಪಂಪ್‌ಸೆಟ್ಟನ್ನು ಮೊಬೈಲ್‌ನಿಂದ ಆನ್-ಆಫ್ ಮಾಡುವ ಕಂಟ್ರೋಲರ್ ಮಾಡುತ್ತಿದ್ದೇವೆ. ಮೈಸೂರಿನ ಹೆಬ್ಬಾಳದಲ್ಲಿ ನಮ್ಮ ಬೆಂಚ್ ಮೇಲೆ ಯಾವ ತೊಂದರೆಯೂ ಇಲ್ಲ. ಮದ್ದೂರು ಹತ್ತಿರದ ಕಬ್ಬಿನ ಗದ್ದೆಯಲ್ಲಿ ಮಾತ್ರ ಮೋಟರ್ ಆಫ್ ಆಗುವ ಕ್ಷಣಕ್ಕೆ ಆಗಾಗ ಹ್ಯಾಂಗ್ ಆಗುತ್ತದೆ, ಆಮೇಲೆ ರೈತರು ರಾತ್ರಿ ಕರೆಂಟ್ ಇರುವ ಹೊತ್ತಲ್ಲಿ ಗದ್ದೆಗೆ ಹೋಗಿ ಪವರ್ ತೆಗೆದು ಹಾಕಬೇಕು. ಅದು ತಪ್ಪಲಿ ಅಂತಲೇ ಈ ಸಾಧನ ಮಾಡಿದ್ದು. ಜೊತೆಗೆ ರೇಡಿಯೇಟೆಡ್ ಎಮಿಷನ್ ಟೆಸ್ಟ್‌ನಲ್ಲಿ (ಸಾಧನದಿಂದ ಹೊರಗೆ ಹೊಮ್ಮುವ ರೇಡಿಯೋ ಅಲೆ ಅಳೆಯುವುದು) 96, 144, 192 ಮೆಗಾಹರ್ಟ್ಸ್‌ನಲ್ಲಿ ಚೂಪಾದ ಪೀಕ್ ಬಂದು ಕ್ಲಾಸ್ ಬಿ (ಮನೆಬಳಕೆ ಸಾಧನಗಳ) ಲಿಮಿಟ್ ದಾಟಿದೆ. ಎರಡು ಲೇಯರ್ (ತಾಮ್ರದ ಪದರ) ಬೋರ್ಡ್. ಅನಲಾಗ್, ಡಿಜಿಟಲ್ ಗ್ರೌಂಡ್ ಬೇರೆ ಮಾಡಿ ಒಂದೇ ಕಡೆ ಸೇರಿಸಿದ್ದೇವೆ. ಬಾವಿಯ ಸೆನ್ಸರ್ ವೈರ್ ಅನಲಾಗ್ ಕಡೆ ಬರುತ್ತದೆ. ಪ್ಲಾಸ್ಟಿಕ್ ಡಬ್ಬಿ ಬಿಟ್ಟು ಲೋಹದ್ದು ಹಾಕಲಾ?

ಮೇಟಗಳ್ಳಿ_ಲೇಔಟ್:
ಬೇಡ, ದುಡ್ಡು ಉಳಿಸಿ. ಪೀಕ್ ಎಲ್ಲವೂ 48ರ ಗುಣಕ. ಪ್ರೊಸೆಸರ್ ಕ್ಲಾಕ್ (ಅದನ್ನು ನಡೆಸುವ ತಾಳದ ಸಿಗ್ನಲ್) 48 ಮೆಗಾಹರ್ಟ್ಸ್ ಅಲ್ವಾ? ಸ್ವಿಚಿಂಗ್ ಸಪ್ಲೈ ಕಾರಣವಾಗಿದ್ದರೆ ಪೀಕ್ ಇಷ್ಟು ಚೂಪಾಗಿ ಇರುತ್ತಿರಲಿಲ್ಲ, ಅಗಲವಾಗಿ ಉಬ್ಬಿರುತ್ತಿತ್ತು. ಮೊದಲು ಸೆನ್ಸರ್ ವೈರ್ ಬಿಚ್ಚಿ ಮತ್ತೆ ಅಳೆಯಿರಿ. ಪೀಕ್ ಬಿದ್ದರೆ ಆ ವೈರೇ ನಿಮ್ಮ ಆಂಟೆನಾ. 1 ಮೀಟರ್ ವೈರಿನಲ್ಲಿ 50 ಮೆಗಾಹರ್ಟ್ಸ್‌ನ 5 ಮೈಕ್ರೋಆಂಪ್ ಕಾಮನ್ ಮೋಡ್ ಕರೆಂಟ್ (ವೈರಿನ ಎಲ್ಲ ಎಳೆಗಳಲ್ಲೂ ಒಂದೇ ದಿಕ್ಕಿನದು) ಹರಿದರೂ ಸಾಕು, 3 ಮೀಟರ್ ದೂರದಲ್ಲಿ ಲಿಮಿಟ್ ಮುಟ್ಟುತ್ತದೆ. ಫಿಲ್ಟರ್ ಇಲ್ಲದ ಒಂದು ವೈರ್ ಹೊರಗೆ ಬಂದರೂ ಲೋಹದ ಡಬ್ಬಿ ಇದ್ದೂ ಇಲ್ಲದ ಹಾಗೆ.

ಈಗ ಗ್ರೌಂಡ್ ವಿಷಯ. ಹೈ ಫ್ರೀಕ್ವೆನ್ಸಿ ಕರೆಂಟ್ ವಾಪಸ್ ಬರುವುದು ಟ್ರೇಸಿನ (ಬೋರ್ಡಿನ ತಾಮ್ರದ ಗೆರೆ) ಕೆಳಗೇ. ಅಲ್ಲಿ ಗ್ರೌಂಡ್ ಕತ್ತರಿಸಿದ್ದರೆ ಸುತ್ತು ಹಾಕಿ ಬರುತ್ತದೆ, ಆಗ ಎರಡು ಗ್ರೌಂಡ್‌ಗಳ ಮಧ್ಯೆ ವೋಲ್ಟೇಜ್ ಹುಟ್ಟುತ್ತದೆ, ಅದೇ ಸೆನ್ಸರ್ ವೈರಿನ ಮೂಲಕ ನಾಯ್ಸನ್ನು ಹೊರಗೆ ತಳ್ಳುತ್ತದೆ. ಹ್ಯಾಂಗ್ ಆಗುವುದೂ ಇದೇ ದಾರಿಯಲ್ಲಿ ಅಂತ ನನಗನ್ನಿಸುತ್ತದೆ: ಕಾಂಟ್ಯಾಕ್ಟರ್ (ಮೋಟರ್ ಆನ್-ಆಫ್ ಮಾಡುವ, ಕಾಯಿಲ್ ಇರುವ ಸ್ವಿಚ್) ಬಿಟ್ಟಾಗ ಹುಟ್ಟುವ ನಾಯ್ಸ್ ಅದೇ ವೈರ್ ಹಿಡಿದು ಒಳಗೆ ಬಂದು ರೀಸೆಟ್ ಪಿನ್ ತನಕ ಹೋಗುತ್ತದೆ. ಹೊರಗೆ ಹೋಗುವ ದಾರಿ ಮುಚ್ಚಿದರೆ ಒಳಗೆ ಬರುವುದೂ ಬಹಳಷ್ಟು ನಿಲ್ಲುತ್ತದೆ. ಗ್ರೌಂಡ್ ಒಂದೇ ಮಾಡಿ. ವೈರ್ ಬೋರ್ಡಿಗೆ ಸೇರುವ ಜಾಗದಲ್ಲೇ ಫೆರೈಟ್ ಬೀಡ್ (ಹೈ ಫ್ರೀಕ್ವೆನ್ಸಿ ತಡೆಯುವ ಬಿಡಿಭಾಗ) ಮತ್ತು ಗ್ರೌಂಡಿಗೆ 1 ನ್ಯಾನೋಫ್ಯಾರಡ್ ಕೆಪಾಸಿಟರ್ ಹಾಕಿ. ಕೆಪಾಸಿಟರ್ ಟ್ರೇಸ್ ಉದ್ದ ಬಿಡಬೇಡಿ. 10 ಮಿಲಿಮೀಟರ್ ಟ್ರೇಸ್ ಸುಮಾರು 10 ನ್ಯಾನೋಹೆನ್ರಿ, 100 ಮೆಗಾಹರ್ಟ್ಸ್‌ನಲ್ಲಿ ಅದೇ 6 ಓಮ್ ದಾಟುತ್ತದೆ. ಕೆಪಾಸಿಟರ್ ಇರುವುದೇ 1.6 ಓಮ್.

ಪ್ಯಾನೆಲ್_ವೈರಿಂಗ್:
ಮೇಲಿನವರು ಹೇಳಿದ್ದು ಸರಿ, ಆದರೆ ನಾಯ್ಸ್ ಹುಟ್ಟುವ ಕಡೆಯೂ ನೋಡಿ. ಕಾಂಟ್ಯಾಕ್ಟರಿನದು ಎಸಿ ಕಾಯಿಲ್ ಆದರೆ ಅದರ ಟರ್ಮಿನಲ್ ಮೇಲೇ 100 ಓಮ್ ಮತ್ತು 0.1 ಮೈಕ್ರೋಫ್ಯಾರಡ್ ಎಕ್ಸ್2 (ಮೇನ್ಸ್ ಕರೆಂಟಿಗೆ ಆಗುವ) ಕೆಪಾಸಿಟರ್‌ನ ಸ್ನಬರ್ (ನಾಯ್ಸ್ ಹೀರುವ ಜೋಡಿ) ಹಾಕಿ. ಡಯೋಡ್ ಹಾಕಬೇಡಿ, ಅದು ಡಿಸಿ ಕಾಯಿಲಿಗೆ. ಸೆನ್ಸರ್ ವೈರನ್ನು ಮೋಟರ್ ಕೇಬಲ್ ಇರುವ ಪೈಪಿನಲ್ಲೇ ಎಳೆದಿದ್ದಾರಾ? ಗದ್ದೆಗಳಲ್ಲಿ ಹಾಗೆ ಜಾಸ್ತಿ ಮಾಡುತ್ತಾರೆ.

ಪಂಪ್‌ಸೆಟ್_ಮಂಡ್ಯ:
ಹೌದು, ಒಂದೇ ಪೈಪ್. ಕ್ಲಾಕ್ ಕೂಡ 48. ನಾಲ್ಕು ಲೇಯರ್‌ಗೆ ಹೋಗಲೇಬೇಕಾ?

ಮೇಟಗಳ್ಳಿ_ಲೇಔಟ್:
ಕೆಳಗಿನ ಲೇಯರ್ ಪೂರ್ತಿ ಗ್ರೌಂಡ್ ಬಿಟ್ಟು ಟ್ರೇಸ್ ಎಲ್ಲ ಮೇಲೇ ಎಳೆಯಲು ಆದರೆ ಎರಡೇ ಸಾಕು. ಆಗದಿದ್ದರೆ ಸುಮ್ನೆ ನಾಲ್ಕಕ್ಕೆ ಹೋಗಿ, ಮತ್ತೊಂದು ಸಲ ಲ್ಯಾಬ್ ಫೀಸ್ ಕಟ್ಟುವುದಕ್ಕಿಂತ ಅದು ವಾಸಿ. ಹೊಸ ಬೋರ್ಡ್ ಬಂದ ಮೇಲೆ ಸೆನ್ಸರ್ ವೈರನ್ನು ಕಾಂಟ್ಯಾಕ್ಟರ್ ಕಾಯಿಲಿನ ಇನ್ಸುಲೇಟೆಡ್ ವೈರಿಗೆ ಸುತ್ತಿ, ಸ್ನಬರ್ ತೆಗೆದು ಆನ್-ಆಫ್ ಮಾಡುತ್ತಾ ಇರಿ. ಅದನ್ನು ತಡೆದುಕೊಂಡರೆ ಐಇಸಿ 61000-4-4 ಬರ್ಸ್ಟ್ ಟೆಸ್ಟ್ (ಇಂಥ ಸ್ವಿಚಿಂಗ್ ನಾಯ್ಸ್ ತಡೆಯುತ್ತದಾ ಅಂತ ನೋಡುವುದು) ಬುಕ್ ಮಾಡಿ.