ಮಾಜಿ ಸೈನಿಕರ ಘರಪಟ್ಟಿ (ಮನೆ ತೆರಿಗೆ) ರಿಯಾಯಿತಿ: ತಂದೆಯವರು ತೀರಿಕೊಂಡ ಮೇಲೆ ತಾಯಿಯವರಿಗೆ ಮುಂದುವರಿಯುತ್ತದೆಯೇ?

ಪ್ರಶ್ನೆ (ಮಾಳಮಡ್ಡಿ, ಧಾರವಾಡ)

ನಮ್ಮ ತಂದೆಯವರು ಮರಾಠಾ ಲೈಟ್ ಇನ್‌ಫೆಂಟ್ರಿಯಲ್ಲಿ 24 ವರ್ಷ ಸೇವೆ ಸಲ್ಲಿಸಿ ಹವಾಲ್ದಾರರಾಗಿ ನಿವೃತ್ತರಾದವರು. ಕಳೆದ ಶ್ರಾವಣದಲ್ಲಿ, 72ನೆಯ ವಯಸ್ಸಿನಲ್ಲಿ ತೀರಿಕೊಂಡರು. ಮಾಜಿ ಸೈನಿಕರು ಸ್ವತಃ ವಾಸಿಸುವ ಮನೆಗೆ ದೊರೆಯುವ ಶೇ 50ರ ತೆರಿಗೆ ರಿಯಾಯಿತಿಯನ್ನು ಅವರು ಪ್ರತಿ ವರ್ಷ ಪಡೆಯುತ್ತಿದ್ದರು. ಏಪ್ರಿಲ್‌ನಲ್ಲೇ ತುಂಬಿದವರಿಗೆ ಸಿಗುವ ಶೇ 5ರ ವಿನಾಯಿತಿಯನ್ನೂ ಒಮ್ಮೆಯೂ ತಪ್ಪಿಸಿಕೊಂಡವರಲ್ಲ. ಬಿಳಿ ಬಣ್ಣದಲ್ಲಿ ಅವರ ನಂಬರು ಮತ್ತು ಹೆಸರು ಬರೆದಿರುವ ಕಪ್ಪು ಟ್ರಂಕಿನಲ್ಲಿ ಡಿಸ್‌ಚಾರ್ಜ್ ಬುಕ್ (ಸೇನೆಯಿಂದ ಬಿಡುಗಡೆಯಾದಾಗ ಕೊಟ್ಟ ಸೇವಾ ಪುಸ್ತಕ), ಪಿಂಚಣಿ ಆದೇಶ ಮತ್ತು ವರ್ಷವಾರು ನೂಲಿನಿಂದ ಕಟ್ಟಿಟ್ಟ ಘರಪಟ್ಟಿ ರಸೀದಿಗಳು ಹಾಗೆಯೇ ಇವೆ.

ಮನೆಯ ಉತಾರ (ಆಸ್ತಿಯ ದಾಖಲೆ ಪತ್ರ) ಇನ್ನೂ ತಂದೆಯವರ ಹೆಸರಿನಲ್ಲಿದೆ. ತಾಯಿಯವರ ಹೆಸರು ಆಧಾರ್‌ನಲ್ಲಿ ತವರಿನವರು ಇಟ್ಟಂತೆ ‘ಅವ್ವ’ ಎಂದು ಮುಗಿಯುತ್ತದೆ. ಪಿಂಚಣಿ ಆದೇಶದಲ್ಲಿ ಅದೇ ಹೆಸರು ‘ಬಾಯಿ’ ಎಂದಾಗಿದೆ. ಮೇಲಿನ ಒಂದು ಕೋಣೆಯನ್ನು ವಿದ್ಯಾರ್ಥಿಗಳಿಗೆ ಬಾಡಿಗೆಗೆ ಕೊಟ್ಟಿದ್ದೇವೆ. ರಿಯಾಯಿತಿ ತಾಯಿಯವರಿಗೆ ಮುಂದುವರಿಯುತ್ತದೆಯೇ? ಮೊದಲು ಯಾವ ಕಾಗದವನ್ನು ಸರಿಪಡಿಸಬೇಕು? ಅವರಿಗೆ ಮೊಣಕಾಲು ನೋವಿದ್ದು, ಪದೇ ಪದೇ ಕಚೇರಿಗಳಿಗೆ ಕರೆದೊಯ್ಯಲು ಮನಸ್ಸು ಒಪ್ಪುವುದಿಲ್ಲ.

ಉತ್ತರ 1 (ನಿವೃತ್ತ ಸುಬೇದಾರ, ಹುಬ್ಬಳ್ಳಿ)

ತಮ್ಮ ತಂದೆಯವರ ಆತ್ಮಕ್ಕೆ ಶಾಂತಿ ಸಿಗಲಿ. ರಿಯಾಯಿತಿ ಮುಂದುವರಿಯುತ್ತದೆ. ಕರ್ನಾಟಕ ಪೌರ ನಿಗಮಗಳ ಅಧಿನಿಯಮ, 1976 ಈ ಸೌಲಭ್ಯವನ್ನು ಮಾಜಿ ಸೈನಿಕರಿಗಷ್ಟೇ ಅಲ್ಲದೆ ಮೃತ ಸೈನಿಕರ ಮತ್ತು ಮೃತ ಮಾಜಿ ಸೈನಿಕರ ಕುಟುಂಬಕ್ಕೂ ಕೊಟ್ಟಿದೆ. ಆದರೆ ಅದು ಕುಟುಂಬ ವಾಸಿಸುವ ಭಾಗಕ್ಕೆ ಇರುವ ಸೌಲಭ್ಯ. ಬಾಡಿಗೆಯ ಕೋಣೆಯನ್ನು ತೆರಿಗೆ ಘೋಷಣೆಯಲ್ಲಿ ಪ್ರತ್ಯೇಕವಾಗಿ ತೋರಿಸಿರಿ. ಸೈನಿಕನ ಮನೆಯ ಲೆಕ್ಕದಲ್ಲಿ ಮುಚ್ಚುಮರೆ ಇರಬಾರದು.

ಈಗ ಕ್ರಮದ ಮಾತು. ಬಹಳಷ್ಟು ಮಂದಿ ಮೊದಲು ಉತಾರದ ಬೆನ್ನು ಹತ್ತುತ್ತಾರೆ, ಅಲ್ಲಿಯೇ ತಿಂಗಳುಗಟ್ಟಲೆ ಸಿಕ್ಕಿಕೊಳ್ಳುತ್ತಾರೆ. ನನ್ನ ಅನುಭವದಲ್ಲಿ ಎಲ್ಲದಕ್ಕೂ ಬೇರು ಮರಣ ಪ್ರಮಾಣಪತ್ರ. ಅದನ್ನು ಕೊಡುವವರು ಮರಣ ಸಂಭವಿಸಿದ ಸ್ಥಳದ ನೋಂದಣಾಧಿಕಾರಿಗಳೇ ಹೊರತು ಮನೆಯಿರುವ ಊರಿನವರಲ್ಲ. ಅದರಲ್ಲಿ ತಂದೆಯವರ ಹೆಸರು ಡಿಸ್‌ಚಾರ್ಜ್ ಬುಕ್ಕಿನಲ್ಲಿ ಇರುವಂತೆಯೇ, ಅಕ್ಷರಕ್ಕೆ ಅಕ್ಷರ, ಇದೆಯೇ ಎಂದು ನೋಡಿರಿ. ಇಲ್ಲದಿದ್ದರೆ 1969ರ ಜನನ ಮರಣ ನೋಂದಣಿ ಅಧಿನಿಯಮದ 15ನೆಯ ಪ್ರಕರಣದಡಿ ಅದೇ ನೋಂದಣಾಧಿಕಾರಿಗಳಿಂದ ತಿದ್ದುಪಡಿ ಮಾಡಿಸಿಕೊಳ್ಳಬಹುದು.

ಆ ಬಳಿಕ ‘ಅವ್ವ–ಬಾಯಿ’ ವಿಷಯ. ಇದು ನಮ್ಮ ಭಾಗದ ಮರಾಠಾ ರೆಜಿಮೆಂಟಿನ ಕುಟುಂಬಗಳಲ್ಲಿ ತೀರಾ ಸಾಮಾನ್ಯ; ಯಾರದೂ ತಪ್ಪಲ್ಲ. ಎರಡೂ ಹೆಸರು ಒಬ್ಬರವೇ ಎಂಬ ಅಫಿಡವಿಟ್, ಆಧಾರ್, ಡಿಸ್‌ಚಾರ್ಜ್ ಬುಕ್ಕಿನ ಪ್ರತಿ ಇವುಗಳೊಂದಿಗೆ ಧಾರವಾಡದ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗೆ ಹೋಗಿರಿ. ಬೆಳಗಾವಿಯಲ್ಲಿರುವ ರೆಜಿಮೆಂಟಿನ ರೆಕಾರ್ಡ್ಸ್ ಕಚೇರಿಗೆ ಹೇಗೆ ಬರೆಯಬೇಕೆಂದು ಅಲ್ಲಿ ತಿಳಿಸುತ್ತಾರೆ. ಸೈನಿಕರ ಪಿಂಚಣಿಯ ಸ್ಪರ್ಶ್ ಪೋರ್ಟಲ್‌ನಲ್ಲಿ ಮರಣದ ಮಾಹಿತಿಯನ್ನೂ ಕೂಡಲೇ ಕೊಡಿರಿ. ತಂದೆಯವರ ವಯಸ್ಸು 67 ದಾಟಿದ್ದುದರಿಂದ ತಾಯಿಯವರಿಗೆ ಹೆಚ್ಚಿನ ದರದ ಪಿಂಚಣಿ ಅನ್ವಯಿಸುವುದಿಲ್ಲ, ಕೊನೆಯ ವೇತನದ ಶೇ 30ರ ಸಾಮಾನ್ಯ ಕುಟುಂಬ ಪಿಂಚಣಿ ಬರುತ್ತದೆ. ಕುಟುಂಬ ಪಿಂಚಣಿಯ ಕನಿಷ್ಠ ಮೊತ್ತ ತಿಂಗಳಿಗೆ 9,000 ರೂಪಾಯಿ, ಅದರ ಮೇಲೆ ತುಟ್ಟಿಭತ್ಯೆ. ಮಾಜಿ ಸೈನಿಕರ ಪತ್ನಿ ಎಂಬ ಗುರುತಿನ ಚೀಟಿಯನ್ನು ಸೈನಿಕ ಕಲ್ಯಾಣ ಕಚೇರಿಯಲ್ಲಿ ಮಾಡಿಸಿಕೊಂಡರೆ, ಪಾಲಿಕೆಯಲ್ಲಿ ರಿಯಾಯಿತಿಗೆ ಅದೇ ಆಧಾರವಾಗುತ್ತದೆ. ಉತಾರದಲ್ಲಿ ಹೆಸರು ಬದಲಿಸಲು ವಾರಸಾ (ಉತ್ತರಾಧಿಕಾರದ) ಅರ್ಜಿ, ವಂಶಾವಳಿ ಮತ್ತು ಉಳಿದ ವಾರಸುದಾರರ ಒಪ್ಪಿಗೆ ಬೇಕು. ಅಕ್ಕತಂಗಿಯರಿದ್ದರೆ ಅವರ ಸಹಿಯನ್ನು ಮರೆಯಬೇಡಿರಿ.

ಉತ್ತರ 2 (ಶಿಕ್ಷಕಿ, ಕುಂದಗೋಳ ತಾಲ್ಲೂಕು)

2016ರ ಫೆಬ್ರುವರಿಯಲ್ಲಿ ಸಿಯಾಚಿನ್ ಹಿಮಪಾತದಲ್ಲಿ ಆರು ದಿನ ಹಿಮದಡಿ ಉಸಿರು ಹಿಡಿದಿದ್ದ ಲ್ಯಾನ್ಸ್ ನಾಯಕ ಹನುಮಂತಪ್ಪ ಕೊಪ್ಪದ ಅವರು ನಮ್ಮ ತಾಲ್ಲೂಕಿನ ಬೆಟದೂರಿನವರು. ಅಂದು ಊರಿಗೆ ಊರೇ ಕಣ್ಣೀರಿಟ್ಟಿತು. ಆ ಗೌರವ ಸಹಜವಾದದ್ದೇ. ಆದರೆ ನಿವೃತ್ತಿಯಾಗಿ ಮನೆಯಲ್ಲೇ ತೀರಿಕೊಳ್ಳುವ ಹವಾಲ್ದಾರರ ಹೆಂಡತಿಗೆ ಬೇಕಾಗುವುದು, ಹದಿಮೂರನೆಯ ದಿನ ಕಳೆದ ಮೇಲೆ ಅರ್ಜಿ ಬರೆದುಕೊಡುವ ಒಬ್ಬ ವ್ಯಕ್ತಿ. ಪ್ರತಿ ಗ್ರಾಮ ಪಂಚಾಯಿತಿ ಮತ್ತು ವಾರ್ಡಿನಲ್ಲಿ ಸೈನಿಕ ಕುಟುಂಬಗಳ ಒಂದು ವಹಿ ಇಟ್ಟು, ಇಂಥ ಕೆಲಸವನ್ನು ಸಿಬ್ಬಂದಿಯೊಬ್ಬರಿಗೆ ಒಪ್ಪಿಸಬೇಕೆಂದು ನಾನು ಗ್ರಾಮಸಭೆಯಲ್ಲಿ ಕೇಳುತ್ತಲೇ ಇದ್ದೇನೆ.

ಇನ್ನೊಂದು ಮಾತು. ಪಿಂಚಣಿಯೇ ಇಲ್ಲದ, 65 ವರ್ಷ ದಾಟಿದ ಮಾಜಿ ಸೈನಿಕರು ಅಥವಾ ಅಂಥವರ ಪತ್ನಿಯರು ಇದನ್ನು ಓದುತ್ತಿದ್ದರೆ, ಕೇಂದ್ರೀಯ ಸೈನಿಕ ಮಂಡಳಿಯ ಸಂಕಷ್ಟ ಸಹಾಯಧನ 2025ರ ನವೆಂಬರ್‌ನಿಂದ ತಿಂಗಳಿಗೆ 4,000ದಿಂದ 8,000 ರೂಪಾಯಿಗೆ ಏರಿದೆ. ಅದು ಹವಾಲ್ದಾರ ದರ್ಜೆಯವರೆಗಿನವರಿಗೆ. ದಯವಿಟ್ಟು ವಿಚಾರಿಸಿರಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಋಣಿಯಾಗಿದ್ದೇನೆ. ನಿನ್ನೆ ರಾತ್ರಿ ಮರಣ ಪ್ರಮಾಣಪತ್ರವನ್ನು ಡಿಸ್‌ಚಾರ್ಜ್ ಬುಕ್ಕಿನ ಪಕ್ಕದಲ್ಲಿಟ್ಟು ನೋಡಿದೆ. ತಂದೆಯವರ ಹೆಸರಿನಲ್ಲಿ ಒಂದು ಅಕ್ಷರ ಬಿಟ್ಟುಹೋಗಿದೆ. ಸೋಮವಾರ ಮೊದಲು ಅದನ್ನೇ ಸರಿಪಡಿಸಲು ಹೋಗುತ್ತೇನೆ. ಸೈನಿಕ ಕಲ್ಯಾಣ ಕಚೇರಿಗೆ ತಾಯಿಯವರು ಬರಲೇಬೇಕೆ?

ಉತ್ತರ 1ರವರು

ಒಮ್ಮೆ ಬರಬೇಕು, ಸಹಿ ಅವರದು. ಆ ದಿನ ಟ್ರಂಕಿನಲ್ಲಿರುವ ಮೂಲ ಕಾಗದಗಳನ್ನೆಲ್ಲ ಒಟ್ಟಿಗೆ ತೆಗೆದುಕೊಂಡು ಹೋಗಿರಿ, ಎರಡನೆಯ ಸಲ ಅವರನ್ನು ಕರೆದೊಯ್ಯುವ ಪ್ರಸಂಗ ಬಾರದಿರಲಿ.