ಗ್ರೀನ್ ಕಾರ್ಡ್ ಮೇಲೆ ಬಂದ ಅಪ್ಪ-ಅಮ್ಮನಿಗೆ ಮೆಡಿಕೇರ್: ದುಡ್ಡು ಯಾರದು, ಸೇರುವುದು ಹೇಗೆ?

ತುಂಗೆತೀರ:
ಎಲ್ಲರಿಗೂ ನಮಸ್ಕಾರ. ಅಪ್ಪ-ಅಮ್ಮ 2021ರ ಆಗಸ್ಟ್ 1ರಂದು ಗ್ರೀನ್ ಕಾರ್ಡ್ ಮೇಲೆ ಅಮೆರಿಕಕ್ಕೆ ಬಂದವರು, ಅಲ್ಲಿಂದ ಇಲ್ಲೇ ಇದ್ದಾರೆ. ಅಪ್ಪನಿಗೆ 67. ಅಮ್ಮನಿಗೆ 2026ರ ಡಿಸೆಂಬರ್ 20ಕ್ಕೆ 65 ತುಂಬುತ್ತದೆ. ಇಬ್ಬರೂ ಇಲ್ಲಿ ದುಡಿದವರಲ್ಲ. ಅವರನ್ನು ಮೆಡಿಕೇರ್‌ಗೆ, ಅಂದರೆ 65 ದಾಟಿದವರಿಗೆ ಇರುವ ಸರ್ಕಾರಿ ಆರೋಗ್ಯ ವಿಮೆಗೆ, ಸೇರಿಸಬೇಕು. ನಮ್ಮ ಸಂಬಳದಲ್ಲಿ ಮೆಡಿಕೇರ್ ಅಂತ ಹಿಡಿಯುವ ದುಡ್ಡು ಅವರ ಲೆಕ್ಕಕ್ಕೆ ಬರುತ್ತದೆಯೇ? ಬರದಿದ್ದರೆ ತಿಂಗಳಿಗೆ ಎಷ್ಟು ಕಟ್ಟಬೇಕು, ಯಾವಾಗ ಅರ್ಜಿ ಹಾಕಬೇಕು? ಹೊಸ ಕಾನೂನಿನಲ್ಲಿ ಹೊರಗಿನಿಂದ ಬಂದವರನ್ನು ಕೈಬಿಟ್ಟಿದ್ದಾರೆ ಅಂತಲೂ, 2033ಕ್ಕೆ ಖಜಾನೆ ಖಾಲಿ ಅಂತಲೂ ಕೇಳುತ್ತಿದ್ದೇವೆ. ಮೆಡಿಕೇರ್‌ಗೆ ಕಾಲಕಾಲಕ್ಕೆ ವಿಸ್ತರಿಸಿ ಸೇರಿಸಿದ್ದೆಲ್ಲ ಮುಂದೆಯೂ ಉಳಿಯುತ್ತದೆಯೇ? ತಿಳಿದವರು ಬಿಡಿಸಿ ಹೇಳಿ.

ಲೆಕ್ಕದಪುಸ್ತಕ:
ಬರುವುದಿಲ್ಲ. ಮೆಡಿಕೇರ್‌ಗೆ ಎರಡು ಹುಂಡಿ ಇವೆ ಅಂತ ಇಟ್ಟುಕೊಳ್ಳಿ, ಉಳಿದದ್ದೆಲ್ಲ ಸಲೀಸಾಗುತ್ತದೆ.

ಮೊದಲನೆಯದು ಪಾರ್ಟ್ ಎ, ಅಂದರೆ ಆಸ್ಪತ್ರೆಯಲ್ಲಿ ದಾಖಲಾದಾಗಿನ ಖರ್ಚು. ಇದನ್ನು ತುಂಬುವುದು ಮುಖ್ಯವಾಗಿ ಸಂಬಳದ ತೆರಿಗೆ: ನಿಮ್ಮಿಂದ ಶೇ. 1.45, ಕಂಪನಿಯಿಂದ ಅಷ್ಟೇ. ನಿಮ್ಮ ಡಬ್ಲ್ಯೂ-2ರ (ಕಂಪನಿ ಕೊಡುವ ವರ್ಷದ ಸಂಬಳ-ತೆರಿಗೆ ಚೀಟಿ) 6ನೇ ಬಾಕ್ಸ್‌ನಲ್ಲಿರುವುದು ಇದೇ. ಒಬ್ಬರ ಸಂಬಳ 2 ಲಕ್ಷ ಡಾಲರ್ ದಾಟಿದರೆ ಮೇಲಿನ ಮೊತ್ತಕ್ಕೆ ಇನ್ನೂ ಶೇ. 0.9 ಹಿಡಿಯುತ್ತಾರೆ, ಅದರಲ್ಲಿ ಕಂಪನಿಯ ಪಾಲಿಲ್ಲ. 1966ರಲ್ಲಿ ಶುರುವಾದಾಗ ದರ ಶೇ. 0.35, ಅದೂ 6,600 ಡಾಲರ್ ಸಂಬಳದವರೆಗೆ ಮಾತ್ರ. 1994ರಿಂದ ಆ ಮಿತಿಯೇ ಇಲ್ಲ. ತಾವೇ ದುಡಿದು 40 ಕ್ವಾರ್ಟರ್ (ದುಡಿಮೆಗೆ ಸಿಗುವ ಅಂಕ, ವರ್ಷಕ್ಕೆ ಹೆಚ್ಚೆಂದರೆ ನಾಲ್ಕು), ಅಂದರೆ 10 ವರ್ಷ, ಈ ತೆರಿಗೆ ಕಟ್ಟಿದವರಿಗೆ ಪಾರ್ಟ್ ಎ ಪ್ರೀಮಿಯಂ ಇಲ್ಲದೆ ಸಿಗುತ್ತದೆ. ಗಂಡ ಅಥವಾ ಹೆಂಡತಿಯ ಕ್ವಾರ್ಟರ್‌ಗಳೂ ನಡೆಯುತ್ತವೆ. ಬದುಕಿರುವ ಮಗ-ಮಗಳದ್ದು ನಡೆಯುವುದಿಲ್ಲ, ಭಾರತದಲ್ಲಿ ದುಡಿದ ವರ್ಷಗಳೂ ನಡೆಯುವುದಿಲ್ಲ.

ಎರಡನೆಯದು ಪಾರ್ಟ್ ಬಿ: ಡಾಕ್ಟರ್ ಫೀಸು, ಪರೀಕ್ಷೆ, ಹೊರರೋಗಿ ಚಿಕಿತ್ಸೆ. ಇದರಲ್ಲಿ ಹೆಚ್ಚುಕಮ್ಮಿ ಕಾಲು ಭಾಗ ಸದಸ್ಯರ ಪ್ರೀಮಿಯಂ, ಮುಕ್ಕಾಲು ಭಾಗ ಕೇಂದ್ರದ ಸಾಮಾನ್ಯ ಬೊಕ್ಕಸ. ಹಾಗಾಗಿ ಇಲ್ಲಿ ಕ್ವಾರ್ಟರ್ ಕೇಳುವುದಿಲ್ಲ. ನಿಮ್ಮವರಂಥವರಿಗೆ 65 ವಯಸ್ಸು, ಗ್ರೀನ್ ಕಾರ್ಡ್, ಸತತ 5 ವರ್ಷ ವಾಸ ಆಗಿದ್ದರೆ ಸಾಕು.

2026ರ ದರ: ಬಿ 202.90 ಡಾಲರ್. ಒಂದೂ ಕ್ವಾರ್ಟರ್ ಇಲ್ಲದವರು ಎ ಕೊಂಡರೆ 565, 30ರಿಂದ 39 ಕ್ವಾರ್ಟರ್ ಇದ್ದವರಿಗೆ 311. ಇಬ್ಬರಿಗೂ ಎರಡೂ ಕೊಂಡರೆ ತಿಂಗಳಿಗೆ 1,535.80 ಡಾಲರ್. ‘ಈಗ ಬಂದವರು ನಮ್ಮ ತೆರಿಗೆ ತಿನ್ನುತ್ತಾರೆ’ ಎನ್ನುವವರಿಗೆ ಒಂದು ಮಾತು: ಆ 565 ರಿಯಾಯಿತಿ ದರವಲ್ಲ. ವಯಸ್ಸಾದ ಒಬ್ಬ ಸದಸ್ಯರಿಗೆ ಪಾರ್ಟ್ ಎಯಿಂದ ತಗಲುವ ಸರಾಸರಿ ಖರ್ಚಿನ ಅಂದಾಜಿನ ಮೇಲೆಯೇ ಅದನ್ನು ನಿಗದಿ ಮಾಡುತ್ತಾರೆ.

ಹಳೇಸೇತುವೆ:
ದಿನಾಂಕ ನೋಡೋಣ. ಅಪ್ಪನಿಗೆ 5 ವರ್ಷ ತುಂಬಿ ಅರ್ಹತೆ ಬರುವ ತಿಂಗಳು 2026ರ ಆಗಸ್ಟ್. ಅದರ ಹಿಂದಿನ 3, ಮುಂದಿನ 3 ತಿಂಗಳು ಸೇರಿ 7 ತಿಂಗಳ ಅವಕಾಶ: ಮೇಯಿಂದ ನವೆಂಬರ್. ಅಮ್ಮನದು ಸೆಪ್ಟೆಂಬರ್‌ನಿಂದ 2027ರ ಮಾರ್ಚ್. ಇಬ್ಬರದೂ ಬೇರೆ ಬೇರೆ, ಒಟ್ಟಿಗೇ ಹಾಕೋಣ ಅಂತ ಅಪ್ಪನದನ್ನು ತಡಮಾಡಬೇಡಿ. ಅವಧಿ ತಪ್ಪಿದರೆ ಮುಂದಿನ ಜನವರಿ-ಮಾರ್ಚ್‌ವರೆಗೆ ಕಾಯಬೇಕು. ತಡವಾದ ಪ್ರತಿ ಪೂರ್ಣ 12 ತಿಂಗಳಿಗೆ ಬಿ ಪ್ರೀಮಿಯಂ ಶೇ. 10 ಹೆಚ್ಚುತ್ತದೆ, ಆ ದಂಡ ಸಾಮಾನ್ಯವಾಗಿ ಬದುಕಿರುವಷ್ಟು ಕಾಲ ಬಿಡುವುದಿಲ್ಲ.

ಅರ್ಜಿ ಸೋಶಿಯಲ್ ಸೆಕ್ಯೂರಿಟಿ (ಸರ್ಕಾರಿ ಪಿಂಚಣಿ) ಕಚೇರಿಗೆ. ಬಿ ಮಾತ್ರ ಸಾಕಾದರೆ ಫಾರಂ ಸಿಎಂಎಸ್-4040, ಎ ಕೂಡ ಕೊಳ್ಳುವುದಾದರೆ ಸಿಎಂಎಸ್-18-ಎಫ್-5. ಗ್ರೀನ್ ಕಾರ್ಡ್, ಪಾಸ್‌ಪೋರ್ಟಿನ ಎಲ್ಲ ಪುಟಗಳು, ಊರಿಗೆ ಹೋಗಿಬಂದ ತಾರೀಖುಗಳ ಪಟ್ಟಿ, 5 ವರ್ಷದ ವಾಸದ ದಾಖಲೆ ಒಯ್ಯಿರಿ. ಹೆಚ್ಚಿನ ಅರ್ಜಿ ಎಡವುವುದು ಈ ಪಟ್ಟಿಯಲ್ಲೇ. ಮನೆ, ಕರೆಂಟ್ ಬಿಲ್ಲು ಎಲ್ಲ ಮಕ್ಕಳ ಹೆಸರಲ್ಲಿರುತ್ತವೆ, ಅಪ್ಪ-ಅಮ್ಮನ ಹೆಸರಲ್ಲಿ ಒಂದು ಕಾಗದವೂ ಇರುವುದಿಲ್ಲ. ಈಗಿಂದಲೇ ಅವರ ಬ್ಯಾಂಕ್ ಸ್ಟೇಟ್‌ಮೆಂಟ್, ಡಾಕ್ಟರ್ ಬಿಲ್ಲು, ಟ್ಯಾಕ್ಸ್ ರಿಟರ್ನ್ ವರ್ಷವಾರು ಜೋಡಿಸಿಡಿ. ಒಂದೇ ಸಲ ಆರೇಳು ತಿಂಗಳು ಊರಲ್ಲಿದ್ದರೆ ‘ಸತತ’ ಎಂಬ ಮಾತಿಗೇ ಪ್ರಶ್ನೆ ಏಳುತ್ತದೆ.

ಬಿ ಮಾತ್ರ ತೆಗೆದುಕೊಂಡರೆ ಏನು ಕಮ್ಮಿ ಅನ್ನುವುದನ್ನೂ ತಿಳಿದಿರಿ. ದಾಖಲಾದರೆ ಡಾಕ್ಟರ್ ಫೀಸಿಗೆ ಬಿ ಬರುತ್ತದೆ, ವಾರ್ಡಿನ ಬಾಡಿಗೆಗೆ, ನರ್ಸಿಂಗಿಗೆ ಬರುವುದಿಲ್ಲ. ಅಡ್ವಾಂಟೇಜ್ ಪ್ಲಾನ್‌ಗೂ (ಮೆಡಿಕೇರನ್ನು ಖಾಸಗಿ ಕಂಪನಿಯ ಮೂಲಕ ಪಡೆಯುವ ವಿಮೆ) ಮೆಡಿಗ್ಯಾಪ್‌ಗೂ (ಮೆಡಿಕೇರ್ ಕೊಡದೆ ಉಳಿಸಿದ ಖರ್ಚಿಗೆ ಕೊಳ್ಳುವ ಖಾಸಗಿ ವಿಮೆ) ಎ ಮತ್ತು ಬಿ ಎರಡೂ ಬೇಕು. ಔಷಧದ ಪಾರ್ಟ್ ಡಿಗೆ ಎರಡರಲ್ಲಿ ಒಂದಿದ್ದರೆ ಸಾಕು.

ಲೆಕ್ಕದಪುಸ್ತಕ:
ಕ್ವಾರ್ಟರ್ ಗಳಿಸುವ ದಾರಿಯೂ ಇದೆ. 2026ರಲ್ಲಿ 1,890 ಡಾಲರ್ ದುಡಿಮೆಗೆ ಒಂದು, ವರ್ಷಕ್ಕೆ 7,560 ದುಡಿದರೆ ನಾಲ್ಕೂ ಸಿಗುತ್ತವೆ. ಅಪ್ಪ ಅರೆಕಾಲಿಕ ಕೆಲಸ ಮಾಡಿದರೂ ಏಳೂವರೆ ವರ್ಷಕ್ಕೆ ಪ್ರೀಮಿಯಂ 311ರ ಮಟ್ಟಕ್ಕೆ ಇಳಿಯುತ್ತದೆ, ಅಮ್ಮನದೂ ಸೇರಿ. ಆದರೆ ‘ಮೊಮ್ಮಗು ನೋಡಿಕೊಂಡದ್ದಕ್ಕೆ ಸಂಬಳ ಕೊಟ್ಟು ಕ್ವಾರ್ಟರ್ ಮಾಡಿಸಿ’ ಎಂಬ ಸಲಹೆ ಓಡಾಡುತ್ತಿದೆ, ನಂಬಬೇಡಿ. ಮನೆಗೆಲಸಕ್ಕೆ ಹೆತ್ತವರಿಗೆ ಕೊಟ್ಟ ಸಂಬಳಕ್ಕೆ ಸಾಮಾನ್ಯವಾಗಿ ಈ ತೆರಿಗೆಯೇ ಅನ್ವಯಿಸುವುದಿಲ್ಲ. ಮಗುವಿನ ತಂದೆ ಅಥವಾ ತಾಯಿ ತೀರಿಕೊಂಡಿರುವುದು, ವಿಚ್ಛೇದನ ಆಗಿರುವುದು, ಇಂಥ ಕೆಲವು ಸಂದರ್ಭಗಳಷ್ಟೇ ಹೊರತು. ತೆರಿಗೆ ಇಲ್ಲದ ಕಡೆ ಕ್ವಾರ್ಟರೂ ಇಲ್ಲ.

ಕಲ್ಲುಮಂಟಪ:
ವಿಸ್ತರಿಸಿದ್ದು ಉಳಿಯುತ್ತದೆಯೇ ಎಂಬ ಪ್ರಶ್ನೆಗೆ. ಸೇರ್ಪಡೆಯಾದದ್ದು ಉಳಿಯುತ್ತದೋ ಇಲ್ಲವೋ ಎಂಬುದು ಯಾವ ಹುಂಡಿಯಿಂದ ಕೊಡುತ್ತಾರೆ ಎನ್ನುವುದರ ಮೇಲೆ ನಿಂತಿದೆ. ನಿಮ್ಮ ಅಪ್ಪ-ಅಮ್ಮ ಇಂದು ಪಾರ್ಟ್ ಎ ಕೊಳ್ಳಬಹುದಾದದ್ದು 1972ರ ತಿದ್ದುಪಡಿಯಿಂದ. ಅಂಗವಿಕಲರೂ ಕಿಡ್ನಿ ಕೈಕೊಟ್ಟವರೂ ಒಳಗೆ ಬಂದದ್ದು ಅದೇ ತಿದ್ದುಪಡಿಯಲ್ಲಿ. 1988ರಲ್ಲಿ ದೊಡ್ಡ ಕಾಯಿಲೆಗಳ ಖರ್ಚಿಗೆ ಮಿತಿ ಹಾಕುವ ಕಾನೂನು ತಂದರು, ಆದರೆ ಅದರ ಖರ್ಚೆಲ್ಲ ಹಿರಿಯರ ಮೇಲೇ ಹೇರಿದರು: ಆದಾಯ ನೋಡಿ ವರ್ಷಕ್ಕೆ 800 ಡಾಲರ್‌ವರೆಗೆ ಹೆಚ್ಚುವರಿ. 1989ರ ಆಗಸ್ಟ್‌ನಲ್ಲಿ ಶಿಕಾಗೊದಲ್ಲಿ ಸಿಟ್ಟಿಗೆದ್ದ ಹಿರಿಯರು ಆಗ ಸಂಸತ್ತಿನ ತೆರಿಗೆ ಸಮಿತಿಯ ಅಧ್ಯಕ್ಷನಾಗಿದ್ದ ಸಂಸದ ಡ್ಯಾನ್ ರೊಸ್ಟೆಂಕೌಸ್ಕಿಯ ಕಾರನ್ನೇ ಅಡ್ಡಗಟ್ಟಿದರು. ಅದೇ ವರ್ಷ ಕಾನೂನು ರದ್ದಾಯಿತು. 2006ರಲ್ಲಿ ಶುರುವಾದ ಪಾರ್ಟ್ ಡಿಗೆ ಬಹುಪಾಲು ದುಡ್ಡು ಸಾಮಾನ್ಯ ಬೊಕ್ಕಸದ್ದು, ಅದು ಉಳಿಯಿತು. 2022ರ ಕಾನೂನು ಔಷಧ ಕಂಪನಿಗಳ ಜತೆ ಬೆಲೆ ಚೌಕಾಸಿ ಮಾಡುವ ಅಧಿಕಾರ ಕೊಟ್ಟಿತು, ರೋಗಿ ಕೈಯಿಂದ ಕೊಡುವ ಔಷಧದ ಖರ್ಚಿಗೂ ಮಿತಿ ಹಾಕಿತು: 2025ಕ್ಕೆ 2,000, 2026ಕ್ಕೆ 2,100 ಡಾಲರ್.

2025ರ ಜುಲೈ 4ರ ಕಾನೂನು ನಿರಾಶ್ರಿತರೇ ಮೊದಲಾದ ಹಲವರನ್ನು ಹೊರಗಿಟ್ಟಿದೆ. ದುಡಿದು ತೆರಿಗೆ ಕಟ್ಟಿದವರನ್ನೂ ಹೀಗೆ ಬಿಟ್ಟದ್ದು ಅನ್ಯಾಯ ಎಂದೇ ನನ್ನ ಅಭಿಪ್ರಾಯ. ಗ್ರೀನ್ ಕಾರ್ಡ್ ಇದ್ದವರ ಹಕ್ಕು ಹಾಗೇ ಇದೆ. 2033ರ ಮಾತು ಮೆಡಿಕೇರ್ ನಿಧಿ ನೋಡಿಕೊಳ್ಳುವ ಟ್ರಸ್ಟಿಗಳ 2025ರ ವರದಿಯದು, ಅದು ಪಾರ್ಟ್ ಎ ಹುಂಡಿಗೆ ಮಾತ್ರ. ಉಳಿತಾಯ ಕರಗಿದರೂ ಆ ವರ್ಷ ಬರುವ ಆದಾಯದಿಂದ ಖರ್ಚಿನ ಶೇ. 89 ತೂಗುತ್ತದೆ ಅನ್ನುತ್ತದೆ ವರದಿ. ಬಿಯ ಪ್ರೀಮಿಯಂ, ಬೊಕ್ಕಸದ ಪಾಲು ಎರಡನ್ನೂ ಪ್ರತಿ ವರ್ಷ ಹೊಸದಾಗಿ ಹೊಂದಿಸುವುದರಿಂದ ಅದು ಹೀಗೆ ಬರಿದಾಗುವುದಿಲ್ಲ.

ಹಳೇಸೇತುವೆ:
ಮರೆತಿದ್ದೆ. ಸೋಶಿಯಲ್ ಸೆಕ್ಯೂರಿಟಿ ಪಿಂಚಣಿ ಇಲ್ಲದವರಿಗೆ ಬಿ ಬಿಲ್ಲು ಮೂರು ತಿಂಗಳದ್ದು ಒಟ್ಟಿಗೆ ಬರುತ್ತದೆ, 2026ರ ದರದಲ್ಲಿ ತಲಾ 608.70 ಡಾಲರ್. ಎ ಕೊಂಡಿದ್ದರೆ ಬಿಲ್ಲು ತಿಂಗಳು ತಿಂಗಳು ಬರುತ್ತದೆ. ಅಂಚೆಯಲ್ಲಿ ಬರುವ ಕಾಗದ, ಅಪ್ಪ ಅದನ್ನು ಜಾಹೀರಾತು ಅಂದುಕೊಂಡು ಬದಿಗಿಟ್ಟರೆ ವಿಮೆಯೇ ನಿಲ್ಲುತ್ತದೆ. ಮೊದಲ ಬಿಲ್ಲು ಕೈಗೆ ಬಂದ ದಿನವೇ ‘ಈಸಿ ಪೇ’ಗೆ (ಪ್ರೀಮಿಯಂ ಖಾತೆಯಿಂದ ತಾನಾಗಿ ಹೋಗುವ ವ್ಯವಸ್ಥೆ) ಅವರ ಬ್ಯಾಂಕ್ ಖಾತೆ ಜೋಡಿಸಿಬಿಡಿ.